ಗಂಟು ಹಾಕುವಾಗಿನ ಸುಳ್ಳು, ಬಿಚ್ಚುವಾಗಿನ ಸುಳ್ಳು: ಆರು ಬಾಹ್ಯಾಕಾಶ ಚಿತ್ರಗಳನ್ನು ತೂಗಿ ನೋಡಿದರೆ

ತಪ್ಪುಗಳನ್ನು ಎಣಿಸಿ ಬಾಹ್ಯಾಕಾಶದ ಸಿನಿಮಾಗಳಿಗೆ ಅಂಕ ಕೊಡುವುದು ಸುಲಭ, ಆದರೆ ಅದರಿಂದ ತಿಳಿಯುವುದು ಕಡಿಮೆ. ನಾಯಕಿಯ ಕಣ್ಣೀರ ಹನಿ ಕೆನ್ನೆ ಬಿಟ್ಟು ತೇಲಿ ಹೋಗುವುದೂ ತಪ್ಪೇ. ತೂಕವಿಲ್ಲದ ಕಡೆ ಕಣ್ಣೀರು ಗುಳ್ಳೆಯಾಗಿ ಕಣ್ಣಿಗೇ ಅಂಟಿಕೊಳ್ಳುತ್ತದೆ. ಇಡೀ ಭೂಮಿಗೆ ಎಂಜಿನ್ ಹಚ್ಚಿ ಇನ್ನೊಂದು ನಕ್ಷತ್ರಕ್ಕೆ ಓಡಿಸುವುದೂ ತಪ್ಪೇ. ಎರಡಕ್ಕೂ ಒಂದೊಂದೇ ಅಂಕ ಕಳೆದರೆ ನಮ್ಮ ತಕ್ಕಡಿಯೇ ಕೆಟ್ಟಿದೆ ಎಂದರ್ಥ.

ನೋಡಬೇಕಾದ್ದು ತಪ್ಪು ಎಷ್ಟಿದೆ ಅಂತಲ್ಲ, ಎಲ್ಲಿದೆ ಅಂತ. ಗಂಟು ಹಾಕುವಾಗ ಕಥೆ ಒಂದು ಸುಳ್ಳು ಹೇಳಿದರೆ ನೋಡುವವರು ಒಪ್ಪುತ್ತಾರೆ. ‘ಹೀಗೊಂದು ಆಯಿತು ಅಂತಿಟ್ಟುಕೊಳ್ಳಿ’ ಎಂಬ ಕರಾರು ಅದು. ಅಂಥದೇ ಸುಳ್ಳು ಗಂಟು ಬಿಚ್ಚುವಾಗ ಬಂದರೆ, ಅಷ್ಟು ಹೊತ್ತು ಪಾತ್ರಗಳು ಪಟ್ಟ ಪಾಡಿಗೆ ಬೆಲೆ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ ಮೂರು ಪ್ರಶ್ನೆ ಇಟ್ಟುಕೊಂಡಿದೆ. ಕಥೆಯ ಗಂಟು ಭೌತನಿಯಮದಿಂದಲೇ ಬಿಗಿಯುತ್ತದೆಯೇ? ಇದಕ್ಕೆ 4 ಅಂಕ. ಸುಳ್ಳು ಎಲ್ಲಿದೆ, ಆರಂಭದಲ್ಲೋ ಪಾರಾಗುವ ಕ್ಷಣದಲ್ಲೋ? ಇದಕ್ಕೆ 3. ಬಾಹ್ಯಾಕಾಶ ಹೇಗಿರುತ್ತದೆ ಎಂಬುದರಲ್ಲಿ ನಮ್ಮ ಕಣ್ಣು ಕಿವಿಗಳಿಗೆ ಗೊತ್ತಿಲ್ಲದ ಏನನ್ನಾದರೂ ಚಿತ್ರ ತೋರಿಸಿತೇ? ಇದಕ್ಕೂ 3. ಒಟ್ಟು 10. ಸಮ ಬಂದರೆ ಎರಡನೇ ಪ್ರಶ್ನೆಯಲ್ಲಿ ಹೆಚ್ಚು ಪಡೆದದ್ದು ಮೇಲೆ.

ತೂಗಲು ತೆಗೆದುಕೊಂಡ ಚಿತ್ರಗಳು ಆರು: ‘ಗ್ರಾವಿಟಿ’ (2013), ‘ಇಂಟರ್‌ಸ್ಟೆಲ್ಲರ್’ (2014), ‘ದ ಮಾರ್ಷಿಯನ್’ (2015), 2019ರ ‘ಆ್ಯಡ್ ಆಸ್ಟ್ರಾ’ ಮತ್ತು ಚೀನಾದ ‘ದ ವಾಂಡರಿಂಗ್ ಅರ್ತ್’, ‘ಸ್ಟೋಅವೇ’ (2021). ಗ್ರಹಗಳ ನಡುವೆ ಸಾಮ್ರಾಜ್ಯ ಕಟ್ಟುವ ಚಿತ್ರಗಳನ್ನು ಸೇರಿಸಿಲ್ಲ. ಅವು ವಿಜ್ಞಾನದ ಹೆಸರಿನಲ್ಲಿ ನಮ್ಮಿಂದ ನಂಬಿಕೆ ಕೇಳುವುದಿಲ್ಲ. ಈ ಆರೂ ಒಂದಲ್ಲ ಒಂದು ರೀತಿಯಲ್ಲಿ ಕೇಳುತ್ತವೆ. ಮುಂದೆ ಎಲ್ಲದರ ಕೊನೆಯೂ ಬಯಲಾಗುತ್ತದೆ, ನೋಡಿಲ್ಲದವರು ಗಮನಿಸಿ.

ಮೊದಲ ಸ್ಥಾನ: ದ ಮಾರ್ಷಿಯನ್

ರಿಡ್ಲಿ ಸ್ಕಾಟ್ ನಿರ್ದೇಶನದ ಈ ಚಿತ್ರದ ದೊಡ್ಡ ಸುಳ್ಳು ಮೊದಲ ಹತ್ತು ನಿಮಿಷದಲ್ಲೇ ಮುಗಿಯುತ್ತದೆ. ಮಂಗಳದ ಮೇಲೆ ಬಿರುಗಾಳಿ ಎದ್ದು ಆಂಟೆನಾ ಕಿತ್ತುಬರುತ್ತದೆ, ರಾಕೆಟ್ ವಾಲುತ್ತದೆ, ಗಗನಯಾತ್ರಿ ಮಾರ್ಕ್ ವಾಟ್ನಿ ಹಾರಿಹೋಗಿ ಬೀಳುತ್ತಾನೆ. ಮಂಗಳದ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಸಾಂದ್ರತೆ ಸುಮಾರು ಅರುವತ್ತನೇ ಒಂದು ಪಾಲು. ಗಾಳಿ ತಳ್ಳುವ ಬಲ ಸಾಂದ್ರತೆಗೂ ವೇಗದ ವರ್ಗಕ್ಕೂ ತಕ್ಕಂತೆ ಏರುತ್ತದೆ. ಆದ್ದರಿಂದ ಅಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬೀಸಿದರೂ ಮೈಗೆ ತಾಕುವುದು ಇಲ್ಲಿನ ಗಂಟೆಗೆ 13 ಕಿ.ಮೀ. ಗಾಳಿಯಂತೆ. ಹಗ್ಗದ ಮೇಲೆ ಒಣಹಾಕಿದ ಪಂಚೆ ಅಲುಗೀತು, ರಾಕೆಟ್ ಅಲ್ಲ.

ಆದರೆ ಈ ಸುಳ್ಳಿನ ಕೆಲಸ ಒಬ್ಬನನ್ನು ಒಂಟಿ ಮಾಡುವುದು ಮಾತ್ರ. ಅಲ್ಲಿಂದ ಮುಂದೆ ಬರುವ ಒಂದೊಂದು ಕಷ್ಟವೂ ಲೆಕ್ಕದಿಂದ ಹುಟ್ಟುತ್ತದೆ.

ನೀರನ್ನೇ ತೆಗೆದುಕೊಳ್ಳಿ. ಇಳಿದ ನೌಕೆಯಲ್ಲಿ ಉಳಿದ ಇಂಧನ ಹೈಡ್ರಜೀನ್. ಅದನ್ನು ಇರಿಡಿಯಮ್ ವೇಗವರ್ಧಕದ ಮೇಲೆ ಹಾಯಿಸಿದರೆ ನೈಟ್ರೋಜನ್ ಮತ್ತು ಹೈಡ್ರೋಜನ್ ಆಗಿ ಒಡೆಯುತ್ತದೆ. ಆ ಹೈಡ್ರೋಜನ್ ಅನ್ನು ಆಮ್ಲಜನಕದಲ್ಲಿ ಉರಿಸಿದರೆ ನೀರು. 32 ಕಿಲೋ ಹೈಡ್ರಜೀನ್‌ನಿಂದ 4 ಕಿಲೋ ಹೈಡ್ರೋಜನ್, ಅದರಿಂದ 36 ಕಿಲೋ ನೀರು. ಹಾಕಿದ್ದಕ್ಕಿಂತ ಹೆಚ್ಚು ಬರಲು ಕಾರಣ ಬಂದು ಸೇರಿಕೊಳ್ಳುವ ಆಮ್ಲಜನಕದ ತೂಕ. ಮೊದಲ ಪ್ರಯತ್ನ ಸಿಡಿಯುತ್ತದೆ. ಕಾರಣವೂ ಸರಿಯಾಗಿದೆ: ತಾನು ಬಿಡುವ ಉಸಿರಿನಲ್ಲೂ ಆಮ್ಲಜನಕ ಉಳಿದಿರುತ್ತದೆ, ಕೋಣೆಯೊಳಗೆ ಅದು ಸೇರುತ್ತಲೇ ಇರುತ್ತದೆ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಲೂಗಡ್ಡೆಯ ಲೆಕ್ಕವೂ ಹಾಗೆಯೇ. 100 ಗ್ರಾಮಿಗೆ ಹೆಚ್ಚುಕಮ್ಮಿ 77 ಕಿಲೋ ಕ್ಯಾಲೊರಿ. ದಿನಕ್ಕೆ 2,000 ಬೇಕೆಂದರೆ ಎರಡೂವರೆ ಕಿಲೋ ತಿನ್ನಬೇಕು, ವರ್ಷಕ್ಕೆ ಒಂದು ಟನ್ನಿನ ಹತ್ತಿರ. ಅದಕ್ಕೇ ಅವನು ಮಡಿ ಮಾಡಿದ ಜಾಗದಲ್ಲೆಲ್ಲ ಮಣ್ಣು ಹರಡುತ್ತಾನೆ, ತಂದ ಆಹಾರಕ್ಕೆ ಅದನ್ನು ಸೇರಿಸಿ ದಿನ ಎಣಿಸುತ್ತಾನೆ. ಇಲ್ಲಿ ಚಿತ್ರ ಬಿಟ್ಟದ್ದು ಪರ್ಕ್ಲೋರೇಟ್. ಮಂಗಳದ ಮಣ್ಣಿನಲ್ಲಿ ಈ ಲವಣವಿದೆ ಎಂದು ಫೀನಿಕ್ಸ್ ನೌಕೆ 2008ರಲ್ಲೇ ಕಂಡುಹಿಡಿದಿತ್ತು. ಅದು ಥೈರಾಯ್ಡ್‌ಗೆ ಕೆಡುಕು. ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮಣ್ಣನ್ನು ತೊಳೆದು ಬಿತ್ತಬಹುದಿತ್ತು; ಒಂದು ಸಾಲಿನ ಮಾತು ಸಾಕಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಹದಿನಾರು ಫಲಕಗಳ ದೃಶ್ಯ. 1997ರ ಜುಲೈ 4ರಂದು ನಿಜವಾಗಿಯೂ ಮಂಗಳದಲ್ಲಿ ಇಳಿದಿದ್ದ ಪಾಥ್‌ಫೈಂಡರ್ ನೌಕೆಯನ್ನು ವಾಟ್ನಿ ಅಗೆದು ತರುತ್ತಾನೆ. ಭೂಮಿಯವರು ಅದರ ಕ್ಯಾಮೆರಾ ತಿರುಗಿಸಬಲ್ಲರು, ಅಷ್ಟೇ. ಸುತ್ತಲೂ 26 ಇಂಗ್ಲಿಷ್ ಅಕ್ಷರ, ಒಂದು ಪ್ರಶ್ನೆಚಿಹ್ನೆ ನೆಟ್ಟರೆ ಒಂದೊಂದಕ್ಕೆ ಸಿಗುವುದು 13 ಡಿಗ್ರಿ. ಕ್ಯಾಮೆರಾ ಯಾವ ಅಕ್ಷರ ತೋರಿಸುತ್ತಿದೆ ಎಂದು ಗೊಂದಲವಾಗುತ್ತದೆ. ಹದಿನಾರು ಅಂಕಿಗಳ ಎಣಿಕೆ ಬಳಸಿದರೆ ಫಲಕಗಳ ನಡುವೆ 20 ಡಿಗ್ರಿಗೂ ಹೆಚ್ಚು ಅಂತರ. ಎರಡು ಅಂಕಿ ಸೇರಿದರೆ ಕಂಪ್ಯೂಟರಿನ ಒಂದು ಅಕ್ಷರ. ಇಂಥ ಸಣ್ಣ ಎಂಜಿನಿಯರಿಂಗ್ ಯೋಚನೆಗೆ ಇಷ್ಟು ಸಮಯ ಕೊಟ್ಟ ವಾಣಿಜ್ಯ ಚಿತ್ರ ಅಪರೂಪ.

ಸಂದೇಶ ಹೋಗಿ ಬರುವ ತಡವೂ ನಿಜ. ಮಂಗಳಕ್ಕೆ ಬೆಳಕು ತಲುಪಲು, ಗ್ರಹಗಳ ಸ್ಥಾನ ನೋಡಿಕೊಂಡು, 3ರಿಂದ 22 ನಿಮಿಷ ಬೇಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರುವಾಗ ಬೆಂಗಳೂರಿನಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ಕುಳಿತವರು ಎದುರಿಸಿದ್ದು ಇದನ್ನೇ. ಸಂಕೇತ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು. ಎಂಜಿನ್ ಹೊತ್ತಿತೋ ಇಲ್ಲವೋ ಎಂದು ತಿಳಿಯುವಷ್ಟರಲ್ಲಿ ಅಲ್ಲಿ ಆಗಬೇಕಾದ್ದು ಅರ್ಧ ಆಗಿಹೋಗಿರುತ್ತದೆ. ಆದ್ದರಿಂದಲೇ ಆದೇಶಗಳನ್ನು ಮೊದಲೇ ನೌಕೆಗೆ ತುಂಬಿಟ್ಟಿದ್ದರು. ‘ಈಗಲೇ ಉತ್ತರ ಹೇಳು’ ಎನ್ನುವ ಸೌಲಭ್ಯ ಆ ದೂರದಲ್ಲಿ ಇಲ್ಲ, ಈ ಚಿತ್ರದ ಪಾತ್ರಗಳಿಗೂ ಇಲ್ಲ.

ಕೊನೆಗೆ ವಾಟ್ನಿ ಏರುವ ರಾಕೆಟ್ ಅನ್ನು ಹಗುರ ಮಾಡಲು ಮೂತಿ, ಕಿಟಕಿ, ಕುರ್ಚಿ ಎಲ್ಲ ಬಿಚ್ಚಿ ಎಸೆದು ಮೇಲೆ ಕ್ಯಾನ್ವಾಸ್ ಬಟ್ಟೆ ಕಟ್ಟುತ್ತಾನೆ. ಹುಚ್ಚಾಟದಂತೆ ಕಂಡರೂ ಗಾಳಿ ಅಷ್ಟು ತೆಳುವಾಗಿರುವ ಕಡೆ ಈ ಉಪಾಯವನ್ನು ತಳ್ಳಿಹಾಕಲಾಗದು. ಮೊದಲ ದೃಶ್ಯದಲ್ಲಿ ಮರೆತಿದ್ದ ತೆಳುಗಾಳಿಯನ್ನು ಚಿತ್ರ ಇಲ್ಲಿ ನೆನಪಿಸಿಕೊಂಡಿದೆ. ಆಮೇಲೆ ಕೈಗವಸಿಗೆ ತೂತು ಹಾಕಿ, ಉಡುಪಿನಿಂದ ಚಿಮ್ಮುವ ಗಾಳಿಯ ರಭಸದಿಂದ ಹಾರುವುದು ಮಾತ್ರ ಬಿಚ್ಚುವಾಗಿನ ಸುಳ್ಳು. ತಳ್ಳುವ ಬಲ ದೇಹದ ಗುರುತ್ವಕೇಂದ್ರದ ಮೂಲಕ ಹಾಯದಿದ್ದರೆ ಮನುಷ್ಯ ಮುಂದೆ ಹೋಗುವುದಿಲ್ಲ, ಬುಗುರಿಯಂತೆ ತಿರುಗುತ್ತಾನೆ. ಒಂದು ಅಂಕ ಕಳೆಯಿತು. ಗಂಟಿಗೆ 4, ಸುಳ್ಳಿನ ಜಾಗಕ್ಕೆ 2. ಭೂಮಿಯ ಮೂರನೇ ಒಂದಕ್ಕಿಂತ ತುಸು ಹೆಚ್ಚಿನ ಅಲ್ಲಿನ ಗುರುತ್ವವನ್ನು ಅವನ ನಡಿಗೆಯಲ್ಲಿ ತೋರಿಸದೇ ಇದ್ದುದಕ್ಕೆ ಕೊನೆಯದರಲ್ಲಿ 2. ಒಟ್ಟು 8.

ಎರಡು: ಇಂಟರ್‌ಸ್ಟೆಲ್ಲರ್

ಇದಕ್ಕೂ 8, ಆದರೆ ಬಂದ ದಾರಿ ಬೇರೆ. ಗಂಟಿಗೆ 4, ಕಣ್ಣು ಕಿವಿಗೆ 3, ಸುಳ್ಳಿನ ಜಾಗಕ್ಕೆ 1.

ಕ್ರಿಸ್ಟೋಫರ್ ನೋಲನ್ ಚಿತ್ರದ ಜೀವ ಇರುವುದು ಒಂದು ವಾಕ್ಯದಲ್ಲಿ: ಕಪ್ಪುಕುಳಿಯೊಂದರ ಪಕ್ಕದಲ್ಲಿ ಸುತ್ತುವ ಮಿಲ್ಲರ್ ಗ್ರಹದ ಮೇಲೆ ಒಂದು ಗಂಟೆ ಎಂದರೆ ಭೂಮಿಯಲ್ಲಿ ಏಳು ವರ್ಷ. ಗುರುತ್ವ ಹೆಚ್ಚಿರುವಲ್ಲಿ ಗಡಿಯಾರ ನಿಧಾನ ಎಂಬುದು ಕಲ್ಪನೆಯಲ್ಲ, ನಿಮ್ಮ ಜೇಬಿನ ಮೊಬೈಲ್ ಅದನ್ನು ನಂಬಿಕೊಂಡೇ ದಾರಿ ತೋರಿಸುತ್ತದೆ. ಜಿಪಿಎಸ್ ಉಪಗ್ರಹದ ಗಡಿಯಾರ, ಗುರುತ್ವ ಕಡಿಮೆ ಇರುವುದರಿಂದ, ದಿನಕ್ಕೆ 45 ಮೈಕ್ರೋ ಸೆಕೆಂಡ್ ಮುಂದೆ ಓಡುತ್ತದೆ. ವೇಗದ ಕಾರಣಕ್ಕೆ 7 ಹಿಂದೆ ಬೀಳುತ್ತದೆ. ಉಳಿದ 38 ಮೈಕ್ರೋ ಸೆಕೆಂಡನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಸ್ಥಳದ ಲೆಕ್ಕ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಕೇಂದ್ರವಿರುವ ನಮ್ಮ ನಾವಿಕ್ ವ್ಯವಸ್ಥೆಗೂ ಇಂಥ ತಿದ್ದುಪಡಿ ಬೇಕೇ ಬೇಕು.

ಪ್ರಶ್ನೆ ಇರುವುದು ಪ್ರಮಾಣದಲ್ಲಿ. ಒಂದು ಗಂಟೆಗೆ ಏಳು ವರ್ಷ ಎಂದರೆ ಅರುವತ್ತೊಂದು ಸಾವಿರ ಪಟ್ಟು. ತಿರುಗದೇ ನಿಂತ ಕಪ್ಪುಕುಳಿಯ ಸುತ್ತ ಗ್ರಹವೊಂದು ಸ್ಥಿರವಾಗಿ ಸುತ್ತಬಲ್ಲ ಅತಿ ಹತ್ತಿರದ ಕಕ್ಷೆಯಲ್ಲೂ ಒಂದು ಗಂಟೆಗೆ ಸಿಗುವುದು ಹೊರಗಿನ ಒಂದು ಗಂಟೆ ಇಪ್ಪತ್ತೈದು ನಿಮಿಷ, ಅಷ್ಟೇ. ಹೀಗಾಗಿ ಚಿತ್ರದ ಸಲಹೆಗಾರ, ಭೌತವಿಜ್ಞಾನಿ ಕಿಪ್ ಥಾರ್ನ್ (2017ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರು), ಕಪ್ಪುಕುಳಿಯನ್ನು ತಿರುಗಿಸಿದರು. ಅದು ತಿರುಗಿದಂತೆ ಸ್ಥಿರ ಕಕ್ಷೆ ಒಳಕ್ಕೆ, ಕ್ಷಿತಿಜದ (ದಾಟಿದರೆ ಬೆಳಕೂ ಮರಳಲಾರದ ಗಡಿಯ) ಹತ್ತಿರಕ್ಕೆ ಸರಿಯುತ್ತದೆ. ಬೇಕಾದಷ್ಟು ಹತ್ತಿರ ಸರಿಯಲು, ನಿಯಮ ಬಿಡುವ ಗರಿಷ್ಠ ವೇಗಕ್ಕಿಂತ ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ ಕಡಿಮೆ ತಿರುಗಬೇಕು. ನಿಸರ್ಗದಲ್ಲಿ ಹಾಗಿರುವುದು ಬಹಳ ಕಷ್ಟ, ಆದರೆ ನಿಯಮ ಅಡ್ಡ ಬರುವುದಿಲ್ಲ. ಗ್ರಹ ಹರಿದು ಚೂರಾಗಬಾರದೆಂದೇ ಕಪ್ಪುಕುಳಿಯ ತೂಕವನ್ನು ಹತ್ತು ಕೋಟಿ ಸೂರ್ಯರಷ್ಟು ಇಟ್ಟರು. ಇದು ಮೊದಲಿಗೆ ವಿಚಿತ್ರ ಅನ್ನಿಸುತ್ತದೆ. ಕಪ್ಪುಕುಳಿ ದೊಡ್ಡದಾದಷ್ಟೂ ಅದರ ಅಂಚಿನಲ್ಲಿ ಎಳೆದು ಸೀಳುವ ಬಲ ಕಡಿಮೆ. ತೂಕ ಹತ್ತು ಪಟ್ಟಾದರೆ ಆ ಬಲ ನೂರನೇ ಒಂದು ಪಾಲಾಗುತ್ತದೆ.

ಗ್ರಹದ ಮೇಲೆ ಒಂದು ಅಲೆಯಿಂದ ತಡವಾಗಿ, ನೌಕೆಗೆ ಮರಳಿದಾಗ ಕಳೆದದ್ದು 23 ವರ್ಷ 4 ತಿಂಗಳು 8 ದಿನ. ಅವರ ಗಡಿಯಾರದಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ. ಮಗ ಬೆಳೆದು, ಮದುವೆಯಾಗಿ, ಮಗು ಕಳೆದುಕೊಂಡ ಸಂದೇಶಗಳನ್ನು ತಂದೆ ಒಂದೇ ಕೂರಿಕೆಯಲ್ಲಿ ನೋಡುತ್ತಾನೆ. ಸೂತ್ರವೊಂದು ತಂದೆಯ ಕಣ್ಣೀರಾಗಿ ಇಳಿಯುವ ಇಂಥ ದೃಶ್ಯ ಈ ಆರರಲ್ಲಿ ಬೇರೆ ಯಾವುದರಲ್ಲೂ ಇಲ್ಲ.

ಕಪ್ಪುಕುಳಿಯ ಚಿತ್ರವನ್ನು ಕಲಾವಿದರು ಊಹೆಯಿಂದ ಬರೆಯಲಿಲ್ಲ, ಥಾರ್ನ್ ಕೊಟ್ಟ ಸಮೀಕರಣಗಳಿಂದ ಲೆಕ್ಕ ಹಾಕಿದರು. ಕೆಲವು ಫ್ರೇಮುಗಳಿಗೆ ನೂರು ಗಂಟೆಯ ಕಂಪ್ಯೂಟರ್ ಕೆಲಸ ಹಿಡಿಯಿತು. ಕಪ್ಪುಕುಳಿಯ ಸುತ್ತ ತಿರುಗುವ ಬಿಸಿ ಅನಿಲದ ತಟ್ಟೆಯಲ್ಲಿ ಹಿಂದಿರುವ ಭಾಗದ ಬೆಳಕು ಬಾಗಿ ಮೇಲೂ ಕೆಳಗೂ ಕಾಣುವುದು ಆ ಲೆಕ್ಕದ ಫಲ. ಆದರೂ ಎರಡು ಕಡೆ ಅವರು ಬೇಕೆಂದೇ ಕೈಯಾಡಿಸಿದ್ದಾರೆ. ನಮ್ಮತ್ತ ಧಾವಿಸುವ ಪಕ್ಕ ಬಹಳ ಪ್ರಕಾಶವಾಗಿ, ದೂರ ಸರಿಯುವ ಪಕ್ಕ ಮಂಕಾಗಿ ಕಾಣಬೇಕಿತ್ತು. ಪ್ರೇಕ್ಷಕರಿಗೆ ಗೊಂದಲವಾದೀತೆಂದು ಅದನ್ನು ತೆಗೆದರು. 2019ರ ಏಪ್ರಿಲ್‌ನಲ್ಲಿ ಬಂದ ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ನಿಜವಾದ ಚಿತ್ರ ನೋಡಿ, ಉಂಗುರದ ಒಂದು ಬದಿ ದಪ್ಪಗೆ ಹೊಳೆಯುತ್ತಿದೆ. ಎರಡನೆಯದು, ಕಥೆಗೆ ಬೇಕಾದದ್ದು ಗರಿಷ್ಠಕ್ಕೆ ಅಂಟಿಕೊಂಡ ತಿರುಗು ವೇಗ. ಪರದೆಯ ಚಿತ್ರಕ್ಕೆ ಬಳಸಿದ್ದು ಗರಿಷ್ಠದ 0.6 ಪಾಲು. ನಿಜವಾದ ವೇಗದಲ್ಲಿ ನೆರಳು ಒಂದು ಬದಿಗೆ ಚಪ್ಪಟೆಯಾಗಿ ಕಾಣುತ್ತಿತ್ತು.

ಅಂಕ ಹೋದದ್ದು ಇಂಧನದಲ್ಲಿ ಮತ್ತು ಕೊನೆಯಲ್ಲಿ. ಭೂಮಿಯಿಂದ ಏರಲು ಹಂತಗಳಿರುವ ರಾಕೆಟ್ ಬೇಕಾದ ರೇಂಜರ್ ನೌಕೆ, ಭೂಮಿಗಿಂತ ಶೇ 30ರಷ್ಟು ಹೆಚ್ಚು ಗುರುತ್ವವಿರುವ ಮಿಲ್ಲರ್ ಗ್ರಹದಿಂದ ತಾನೇ ತಾನಾಗಿ ಎದ್ದು ಬರುತ್ತದೆ. ಆ ಗ್ರಹಕ್ಕೆ ಇಳಿಯಲು, ಮರಳಲು ಬೆಳಕಿನ ವೇಗದ ಮೂರನೇ ಒಂದರಷ್ಟು ವೇಗ ಬದಲಿಸಬೇಕು. ಯಾವ ಎಂಜಿನ್ನಿಗೂ ಆಗದ ಮಾತು. ನೌಕೆ ಎಷ್ಟು ಇಂಧನ ತಿನ್ನುತ್ತದೆ ಎಂಬುದಕ್ಕೆ ನಮ್ಮ ಮಂಗಳಯಾನವೇ ಸಾಕ್ಷಿ. ಒಟ್ಟು 1,337 ಕಿಲೋದಲ್ಲಿ 852 ಕಿಲೋ ಇಂಧನವೇ ಇತ್ತು.

ತಿರುಗುತ್ತಿರುವ, ಬಳೆಯಾಕಾರದ ಎಂಡ್ಯುರೆನ್ಸ್ ನೌಕೆಗೆ ಜೋಡಿಸಿಕೊಳ್ಳುವ ಪ್ರಸಿದ್ಧ ದೃಶ್ಯಕ್ಕೂ ಒಂದು ಲೆಕ್ಕ ಹಾಕಬಹುದು. ನಿಮಿಷಕ್ಕೆ 68 ಸುತ್ತು ಎನ್ನುತ್ತದೆ ಸಂಭಾಷಣೆ. ಅಕ್ಷದಿಂದ ಒಂದು ಮೀಟರ್ ದೂರದಲ್ಲಿ ಅದು ಭೂಗುರುತ್ವದ 5 ಪಟ್ಟು, ಎರಡು ಮೀಟರಿಗೆ 10 ಪಟ್ಟು. ಮಧ್ಯದಲ್ಲಿದ್ದವರಿಗೆ ಮಂಪರು ಬಂದು ತಲೆ ವಾಲುವುದು ಸರಿಯೇ. ಆದರೆ 30 ಮೀಟರ್ ಆಚೆಯ ಹೊರಬಳೆಯ ಮೇಲೆ ಅದು 150 ಪಟ್ಟಿಗೂ ಹೆಚ್ಚು. ಆಗಲೇ ಒಂದು ಬದಿ ಸಿಡಿದುಹೋದ ಬಳೆ ಆ ಎಳೆತಕ್ಕೆ ಉಳಿಯುತ್ತಿರಲಿಲ್ಲ. ಕಪ್ಪುಕುಳಿಯೊಳಗೆ ಮಗಳ ಕೋಣೆಯ ಪುಸ್ತಕದ ಕಪಾಟು ಸಿಗುವುದನ್ನು ಲೆಕ್ಕ ಹಾಕಿ ತೂಗಲು ಬರುವುದಿಲ್ಲ. ಅದು ಗಂಟು ಬಿಚ್ಚುವಾಗ ಬಂದ ಕಲ್ಪನೆ, ಅಷ್ಟು ಸಾಕು.

ಮೂರು: ಸ್ಟೋಅವೇ, ಯಾಕೆಂದರೆ

ಜೋ ಪೆನ್ನಾ ನಿರ್ದೇಶಿಸಿದ ಈ ಸಣ್ಣ ಚಿತ್ರವನ್ನು ನೋಡಿದವರು ಕಡಿಮೆ, ಮೆಚ್ಚಿದವರು ಇನ್ನೂ ಕಡಿಮೆ. ಮಂಗಳಕ್ಕೆ ಹೊರಟ ಮೂವರ ನೌಕೆಯಲ್ಲಿ ನಾಲ್ಕನೆಯವನೊಬ್ಬ ಸಿಕ್ಕಿಬಿದ್ದಿದ್ದಾನೆ. ಅವನಿದ್ದ ಜಾಗದಲ್ಲಿ ಗಾಳಿ ಶುದ್ಧಿ ಮಾಡುವ ಯಂತ್ರ ಹಾಳಾಗಿದೆ. ಆರಂಭದ ಸುಳ್ಳು ದೊಡ್ಡದೇ. ಹಾರಾಟಕ್ಕೆ ಮೊದಲು ಒಳಗಿದ್ದವರೆಲ್ಲ ಹೊರಬಂದರೇ ಎಂದು ತಲೆ ಎಣಿಸದೇ ಬಾಗಿಲು ಮುಚ್ಚುವುದಿಲ್ಲ, ಒಬ್ಬ ಮನುಷ್ಯನಷ್ಟು ಹೆಚ್ಚುವರಿ ತೂಕವೂ ರಾಕೆಟ್ಟಿನ ಲೆಕ್ಕದಲ್ಲಿ ಅಡಗಿ ಕೂರುವುದಿಲ್ಲ. ಆದರೆ ಅದನ್ನು ಒಪ್ಪಿದ ಮೇಲೆ ಮುಂದಿನದೆಲ್ಲ ಕಡಾಖಂಡಿತ.

ಮುಚ್ಚಿದ ಕೋಣೆಯಲ್ಲಿ ಮನುಷ್ಯನನ್ನು ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡ್. ಅದು ಗಾಳಿಯ ಶೇ 5ಕ್ಕೆ ಏರಿದಾಗ ಆಮ್ಲಜನಕ ಇನ್ನೂ ಶೇ 15-16 ಇರುತ್ತದೆ, ಆದರೆ ತಲೆ ಸಿಡಿದು ಬುದ್ಧಿ ಮಂಕಾಗಿರುತ್ತದೆ. ಒಬ್ಬರು ದಿನಕ್ಕೆ ಸುಮಾರು ಒಂದು ಕಿಲೋ ಬಿಡುತ್ತಾರೆ. ಲಿಥಿಯಮ್ ಹೈಡ್ರಾಕ್ಸೈಡ್ ಡಬ್ಬಿಯಿಂದ ಹೀರಿಸಬಹುದು. ಕಿಲೋ ಡೈಆಕ್ಸೈಡಿಗೆ 1.1 ಕಿಲೋ ರಾಸಾಯನಿಕ ಬೇಕು, ಒಮ್ಮೆ ಹೀರಿದರೆ ಮುಗಿಯಿತು. ನಾಲ್ವರಿಗೆ ದಿನಕ್ಕೆ ನಾಲ್ಕೂವರೆ ಕಿಲೋ. ತಿಂಗಳುಗಟ್ಟಲೆ ಹೋಗುವವರು ಅಷ್ಟನ್ನು ಹೊತ್ತೊಯ್ಯಲಾರರು, ಅದಕ್ಕೇ ಮತ್ತೆ ಮತ್ತೆ ಬಳಸುವ ಯಂತ್ರ. ಅದು ಕೆಟ್ಟರೆ ಎಷ್ಟು ಉಸಿರಿದೆ ಎಂಬುದು ಭಾಗಾಕಾರದ ಲೆಕ್ಕ, ಯಾರು ಉಳಿಯಬೇಕು ಎಂಬುದೂ ಅದೇ ಭಾಗಾಕಾರದಿಂದ ಏಳುವ ಪ್ರಶ್ನೆ. ಖಳನಾಯಕನೇ ಬೇಕಾಗಿಲ್ಲ.

ಇಲ್ಲಿನ ನೌಕೆಯ ರಚನೆಯಂತೂ ಈ ಆರರಲ್ಲೇ ಜಾಣತನದ್ದು. ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ಖಾಲಿಯಾದ ರಾಕೆಟ್ ಹಂತ, ನಡುವೆ ನೂರಾರು ಮೀಟರ್ ಉಕ್ಕಿನ ಹಗ್ಗ. ಎರಡೂ ಕವಣೆಯಂತೆ ಸುತ್ತುತ್ತವೆ. ಹಗ್ಗ ಅಷ್ಟು ಉದ್ದ ಯಾಕೆ? ನಿಮಿಷಕ್ಕೆ ಎರಡೇ ಸುತ್ತಿನಲ್ಲಿ ಭೂಮಿಯಷ್ಟು ತೂಕ ಬರಬೇಕಾದರೆ ತ್ರಿಜ್ಯ 224 ಮೀಟರ್ ಇರಬೇಕು. ಗಿಡ್ಡ ಬಳೆಯನ್ನು ಬೇಗ ತಿರುಗಿಸಿದರೂ ತೂಕ ಬರುತ್ತದೆ, ಆದರೆ ಕತ್ತು ಹೊರಳಿಸಿದಾಗಲೆಲ್ಲ ತಲೆ ಸುತ್ತುತ್ತದೆ. ಆ ರಾಕೆಟ್ ಹಂತದಲ್ಲಿ ಉಳಿದ ಆಮ್ಲಜನಕ ತರಲು ಹಗ್ಗ ಹತ್ತುವವರಿಗೆ ಮೊದಲು ಮೈ ಭಾರ, ನಡುವಿಗೆ ಬರುವಷ್ಟರಲ್ಲಿ ತೂಕವೇ ಇಲ್ಲ, ಅಲ್ಲಿಂದ ಆಚೆಗೆ ಹತ್ತುವುದೇ ಇಳಿಯುವುದಾಗಿ ಕೈ ಜಾರಿದರೆ ಬೀಳುವ ಭಯ. ಚಿತ್ರ ಇದಿಷ್ಟನ್ನೂ ಸರಿಯಾಗಿ ತೋರಿಸಿದೆ. ಕೊನೆಯಲ್ಲಿ ಸೌರ ಬಿರುಗಾಳಿಯ ವಿಕಿರಣದೊಳಗೆ ಒಬ್ಬರು ಹೋಗಲೇಬೇಕಾಗುತ್ತದೆ, ಹೋದವರು ಉಳಿಯುವುದಿಲ್ಲ. ಪವಾಡ ಮಾಡಿ ಪಾರು ಮಾಡಲಿಲ್ಲ. 4, 2, 1: ಒಟ್ಟು 7. ಚಿತ್ರ ನಿಧಾನ, ಪಾತ್ರಗಳು ತೆಳು, ಕಣ್ಣಿಗೆ ಹಬ್ಬವಿಲ್ಲ ಎಂಬ ದೂರುಗಳೆಲ್ಲ ನಿಜ.

ನಾಲ್ಕು: ಗ್ರಾವಿಟಿ

ಏಳು ಆಸ್ಕರ್ ಗೆದ್ದ ಅಲ್ಫಾನ್ಸೋ ಕ್ವಾರೋನ್ ಚಿತ್ರ ‘ಸ್ಟೋಅವೇ’ಗಿಂತ ಕೆಳಗೆ ಎಂದರೆ ಆಕ್ಷೇಪ ಬರುತ್ತದೆ, ಬರಲಿ. ಇದಕ್ಕೂ 7 ಅಂಕ. 3, 1, 3. ಸಮ ಬಂದಾಗ ಸುಳ್ಳಿನ ಜಾಗ ನೋಡುವುದೆಂದು ಮೊದಲೇ ಹೇಳಿದೆ.

ಹೊಗಳಬೇಕಾದ್ದು ಬೇಕಾದಷ್ಟಿದೆ. ಶೂನ್ಯದಲ್ಲಿ ಸದ್ದು ಹರಿಯದು. ಇಲ್ಲಿ ನಮಗೆ ಕೇಳುವುದು ನಾಯಕಿ ಮುಟ್ಟಿದ ವಸ್ತುವಿನ ಕಂಪನ, ಅವಳ ಕೈಗವಸಿನ ಮೂಲಕ ಮೈಗೆ ಇಳಿದದ್ದು. ದೊಡ್ಡ ನಿಲ್ದಾಣವೊಂದು ಕಣ್ಣೆದುರೇ ಸದ್ದಿಲ್ಲದೆ ಚೂರಾಗುವುದನ್ನು ಹೀಗೆ ಕೇಳಿಸಿಕೊಂಡವರು ಮರೆಯುವುದಿಲ್ಲ. ಗಂಟೂ ನಿಜದ ಮೇಲೆ ನಿಂತಿದೆ. ಒಂದು ಡಿಕ್ಕಿಯ ಚೂರುಗಳು ಇನ್ನಷ್ಟು ಡಿಕ್ಕಿಗೆ ಕಾರಣವಾಗುವ ಸರಪಳಿಯನ್ನು ಡೊನಾಲ್ಡ್ ಕೆಸ್ಲರ್ 1978ರಲ್ಲೇ ವಿವರಿಸಿದ್ದರು. ಚಿತ್ರದಲ್ಲಿ ರಷ್ಯಾ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆಯುತ್ತದೆ. ಚಿತ್ರ ಬಂದು ಎಂಟು ವರ್ಷಕ್ಕೆ, 2021ರ ನವೆಂಬರಿನಲ್ಲಿ, ಅದು ನಿಜವಾಗಿಯೇ ನಡೆಯಿತು. 1,500ಕ್ಕೂ ಹೆಚ್ಚು ಚೂರುಗಳು ರಾಡಾರಿಗೆ ಸಿಕ್ಕವು, ಅಂತರರಾಷ್ಟ್ರೀಯ ನಿಲ್ದಾಣದವರು ತಮ್ಮ ನೌಕೆಗಳೊಳಗೆ ಆಶ್ರಯ ಪಡೆದರು. ಭಾರತ 2019ರ ಮಾರ್ಚ್ 27ರಂದು ಇಂಥ ಪರೀಕ್ಷೆ ಮಾಡಿದಾಗ 300 ಕಿ.ಮೀ.ಗಿಂತ ಕೆಳಗಿನ ಎತ್ತರ ಆರಿಸಿಕೊಂಡದ್ದು ಚೂರುಗಳು ಬೇಗ ಬಿದ್ದು ಸುಟ್ಟುಹೋಗಲಿ ಎಂದು. ಚೂರುಗಳ ಮೇಲೆ ಕಣ್ಣಿಡಲು ಇಸ್ರೋದ ನೇತ್ರ ಕೇಂದ್ರವೂ ಬೆಂಗಳೂರಿನಲ್ಲಿದೆ.

ಎಡವಿದ್ದು ಪಾರಾಗುವ ದಾರಿಯಲ್ಲಿ. ಹಬಲ್ ದೂರದರ್ಶಕದ ಬಳಿಯಿಂದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಬೆನ್ನಿನ ಜೆಟ್ ಚೀಲದಲ್ಲೇ ಹೋಗುತ್ತಾರೆ. ಎತ್ತರದ ವ್ಯತ್ಯಾಸ ಇರಲಿ, ಕಕ್ಷೆಗಳೇ ಬೇರೆ. ಹಬಲ್‌ನದು ಸಮಭಾಜಕಕ್ಕೆ 28.5 ಡಿಗ್ರಿ ಓರೆ, ನಿಲ್ದಾಣದ್ದು 51.6. ಒಂದು ಬಳೆಯೊಳಗೆ ಇನ್ನೊಂದನ್ನು ಓರೆಯಾಗಿ ಸಿಕ್ಕಿಸಿದಂತೆ. ಎರಡೂ ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತಿವೆ. ಆ 23 ಡಿಗ್ರಿ ತಿರುಗಲು, ಅನುಕೂಲ ಕ್ಷಣ ಸಿಕ್ಕರೂ, ಸೆಕೆಂಡಿಗೆ 3,000 ಮೀಟರ್ ವೇಗ ಬದಲಾಗಬೇಕು. ನಾಸಾ 1984ರಲ್ಲಿ ಬಳಸಿದ ನಿಜವಾದ ಜೆಟ್ ಚೀಲ ಕೊಡುತ್ತಿದ್ದುದು ಸೆಕೆಂಡಿಗೆ ಸುಮಾರು 24 ಮೀಟರ್. ಸಂವಹನ ಉಪಗ್ರಹಗಳೂ ಒಡೆದು ಸಂಪರ್ಕ ಕಡಿಯುತ್ತದೆ ಎನ್ನುವುದೂ ಹಾಗೆಯೇ. ಗಗನಯಾತ್ರಿಗಳ ಸಂಪರ್ಕಕ್ಕೆ ನಾಸಾ ಬಳಸುತ್ತಿದ್ದಂಥವು ಇರುವುದು 36,000 ಕಿ.ಮೀ. ಮೇಲೆ.

ಇದಕ್ಕಿಂತ ನೋವಾಗುವುದು ನಾಯಕಿ ಸ್ಟೋನ್ ಜೊತೆಗಿದ್ದ ಗಗನಯಾತ್ರಿ ಕೊವಾಲ್ಸ್ಕಿ ಕೊಂಡಿ ಬಿಚ್ಚಿಕೊಂಡು ದೂರ ಸರಿಯುವ ದೃಶ್ಯ. ಸ್ಟೋನ್‌ಳ ಕಾಲಿಗೆ ಪ್ಯಾರಾಚೂಟಿನ ಹಗ್ಗ ಸುತ್ತಿಕೊಂಡಿದೆ, ಅವಳ ಹಿಡಿತದಲ್ಲಿ ಅವನು, ಇಬ್ಬರೂ ನಿಂತಿದ್ದಾರೆ. ನಿಂತ ಮೇಲೆ ಅವನನ್ನು ಎಳೆಯುತ್ತಿರುವುದು ಯಾವುದು? ಬಾವಿಯಲ್ಲಿ ನೇತಾಡುವ ಕೊಡದ ಭಾರ ಅಲ್ಲಿಲ್ಲ. ಬೆರಳಲ್ಲಿ ಒಮ್ಮೆ ಎಳೆದಿದ್ದರೆ ತೇಲಿ ಬರುತ್ತಿದ್ದ. ಹಗ್ಗ ಇನ್ನೂ ಹಿಗ್ಗುತ್ತಿತ್ತು ಎಂದು ಸಮರ್ಥಿಸುವವರಿದ್ದಾರೆ, ಆದರೆ ಪರದೆಯ ಮೇಲೆ ಅದು ಕಾಣುವುದಿಲ್ಲ. ಕಥೆಯ ಎದೆಯಲ್ಲಿರುವ ಸಾವಿಗೆ ಕಾರಣ ಇಲ್ಲದಾಗಿದೆ. ಅವರಿಬ್ಬರೂ ನಿಧಾನವಾಗಿ ಸುತ್ತುತ್ತಿರುವಂತೆ, ಹಿಂದೆ ಭೂಮಿ ತಿರುಗುವಂತೆ ತೋರಿಸಿದ್ದರೆ ಸಾಕಿತ್ತು. ಸುತ್ತುವಾಗ ಹೊರಕ್ಕೆ ಎಳೆತ ಇರುತ್ತದೆ, ಬಿಟ್ಟವನು ನಿಜಕ್ಕೂ ದೂರ ಹೋಗುತ್ತಾನೆ.

ಉಳಿದೆರಡು

ಫ್ರಾಂಟ್ ಗ್ವೋ ನಿರ್ದೇಶನದ ‘ದ ವಾಂಡರಿಂಗ್ ಅರ್ತ್’ ಐದನೆಯದು, ‘ಆ್ಯಡ್ ಆಸ್ಟ್ರಾ’ ಕೊನೆಯದು. ನೋಟಕ್ಕೆ ಎರಡನೆಯದೇ ನಂಬುವಂತಿದೆ, ಮೊದಲನೆಯದು ಪೂರಾ ಅತಿರೇಕ. ಆದರೂ ಈ ಕ್ರಮವೇ ಸರಿ.

ಸೂರ್ಯ ಉಬ್ಬುತ್ತಾನೆ, ಹತ್ತು ಸಾವಿರ ಎಂಜಿನ್ ಹಚ್ಚಿ ಭೂಮಿಯನ್ನು 4.2 ಜ್ಯೋತಿರ್ವರ್ಷ ಆಚೆಗೆ 2,500 ವರ್ಷದಲ್ಲಿ ಒಯ್ಯುತ್ತಾರೆ. ಸರಾಸರಿ ವೇಗ ಸೆಕೆಂಡಿಗೆ 500 ಕಿ.ಮೀ. ಆಯಿತು. ಭೂಮಿಯ ತೂಕಕ್ಕೆ ಆ ವೇಗ ಕೊಡಲು, ಸೂರ್ಯ ಅರುವತ್ತು ವರ್ಷ ಎಲ್ಲ ದಿಕ್ಕಿಗೂ ಚೆಲ್ಲುವ ಶಕ್ತಿಯನ್ನೆಲ್ಲ ಒಟ್ಟುಗೂಡಿಸಬೇಕು. ಗುರುಗ್ರಹದ ಪಕ್ಕ ಹಾದು ಪಡೆಯುವ ಕವಣೆ ವೇಗವೂ, ಗುರು ಸೆಕೆಂಡಿಗೆ 13 ಕಿ.ಮೀ. ಓಡುವುದರಿಂದ, ಹೆಚ್ಚೆಂದರೆ 26 ಕಿ.ಮೀ. ಆದರೆ ಮೊದಲ ಅಸಾಧ್ಯವನ್ನು ಒಪ್ಪಿದ ಮೇಲೆ ಚಿತ್ರ ಅದರ ಬೆಲೆ ತೆರುತ್ತದೆ. ಭೂಮಿ ತನ್ನ ಸುತ್ತ ತಾನು ತಿರುಗುವುದನ್ನು ನಿಲ್ಲಿಸಿದ್ದಕ್ಕೆ ಸಮುದ್ರ ಉಕ್ಕುತ್ತದೆ, ಸೂರ್ಯನಿಂದ ದೂರವಾದದ್ದಕ್ಕೆ ನೆಲ ಹೆಪ್ಪುಗಟ್ಟುತ್ತದೆ, ನೆಲದಡಿಯ ನಗರಗಳಿಗೆ ಯಾರು ಎಂದು ಚೀಟಿ ಎತ್ತುತ್ತಾರೆ, ಗುರುವಿನ ಸೆಳೆತ ಭೂಮಿಯ ಗಾಳಿಯನ್ನೇ ಹೀರುತ್ತದೆ. ಆ ಗಾಳಿಯ ಆಮ್ಲಜನಕ ಗುರುವಿನ ಹೈಡ್ರೋಜನ್ ಜೊತೆ ಬೆರೆತದ್ದನ್ನು ಹೊತ್ತಿಸಿ, ಸಿಡಿತದ ತಳ್ಳಿಗೆ ಪಾರಾಗುವುದು ಬಿಚ್ಚುವಾಗಿನ ಸುಳ್ಳು; ಆದರೂ ಮೊದಲೇ ನಡೆದದ್ದರಿಂದಲೇ ಹುಟ್ಟಿದ ಸುಳ್ಳು. 2, 1, 2.

‘ಆ್ಯಡ್ ಆಸ್ಟ್ರಾ’ದ ಚಂದ್ರನ ಮೇಲಿನ ಗಾಡಿಗಳ ಬೆನ್ನಟ್ಟುವಿಕೆ ಸೊಗಸು. ಗಾಳಿಯಿಲ್ಲದ ಕಡೆ ದೂಳು ಮೋಡವಾಗಿ ಏಳದೆ ಕಮಾನಿನಂತೆ ಹಾರಿ ಬೀಳುತ್ತದೆ. 1972ರ ಅಪೋಲೊ 16ರ ಚಿತ್ರೀಕರಣದಲ್ಲಿ ಇದು ಕಾಣಸಿಗುತ್ತದೆ. ತೂಕ ಆರನೇ ಒಂದಾದರೂ ಓಟದ ರಭಸ ಕಡಿಮೆಯಾಗದು, ಹೀಗಾಗಿ ಬ್ರೇಕು ಹಿಡಿಯಲು ಆರು ಪಟ್ಟು ದೂರ. ಅಲ್ಲಿಗೆ ನಿಯಮ ಮುಗಿಯಿತು. ವಾಯೇಜರ್ 2 ನೆಪ್ಚೂನ್ ತಲುಪಲು 12 ವರ್ಷ ಹಿಡಿದಿತ್ತು, ಇಲ್ಲಿ ಮೂರು ತಿಂಗಳೂ ಆಗುವುದಿಲ್ಲ. ಸೆಕೆಂಡಿಗೆ 600 ಕಿ.ಮೀ.ಗೂ ಹೆಚ್ಚು. ಅಂಥ ಎಂಜಿನ್ ಇದ್ದರೆ ಇರಲಿ, ಆದರೆ ಮರಳುವಾಗ ಅಣುಸ್ಫೋಟದ ಅಲೆಯ ತಳ್ಳು ಬೇಕಾಗುತ್ತದೆ ನಾಯಕನಿಗೆ. ಗಾಳಿಯಿಲ್ಲದ ಕಡೆ ಅಲೆ ಎಲ್ಲಿಂದ? ಲೋಹದ ಹಲಗೆಯನ್ನು ಗುರಾಣಿ ಹಿಡಿದು ಉಂಗುರದ ಕಲ್ಲುಗಳ ನಡುವೆ ಹಾರುತ್ತಾನೆ. ನೆಪ್ಚೂನಿನ ಉಂಗುರಗಳು ಎಷ್ಟು ವಿರಳವೆಂದರೆ ಹಾದು ಹೋದದ್ದೂ ತಿಳಿಯದು. ಒಂಟಿತನವನ್ನು ಬ್ರ್ಯಾಡ್ ಪಿಟ್ ಮುಖದಲ್ಲಿ ಹಿಡಿದಿಟ್ಟ ಚಿತ್ರಕ್ಕೆ ಈ ಕೊನೆ ಬೇಕಿರಲಿಲ್ಲ. 1, 0, 2.

ಅಂಕದ ತೂಕ ಬದಲಿಸಿದರೆ ಕ್ರಮವೂ ಬದಲಾಗುತ್ತದೆ. ದೊಡ್ಡ ಪರದೆ, ಒಳ್ಳೆಯ ಸ್ಪೀಕರ್ ಇರುವವರು ಕಣ್ಣು ಕಿವಿಯ ಅಂಕವನ್ನು ಎರಡು ಪಟ್ಟು ಮಾಡಿ ನೋಡಿ. ‘ಇಂಟರ್‌ಸ್ಟೆಲ್ಲರ್’ 11ಕ್ಕೆ ಏರಿ ಮೊದಲಾಗುತ್ತದೆ, ‘ದ ಮಾರ್ಷಿಯನ್’ ಮತ್ತು ‘ಗ್ರಾವಿಟಿ’ 10ರಲ್ಲಿ ಸಮ, ‘ಸ್ಟೋಅವೇ’ 8ಕ್ಕೆ ನಿಂತು ನಾಲ್ಕಕ್ಕೆ ಇಳಿಯುತ್ತದೆ. ಕೊನೆಯ ಎರಡು ಮಾತ್ರ ಇದ್ದಲ್ಲೇ ಇರುತ್ತವೆ.